ಸುಗಂಧವೂ ಮುಪ್ಪಿನ ನಡಿಗೆಯೂ

ಮಗು ಬಿದ್ದರೆ ಎದ್ದು ಓಡುತ್ತದೆ. ವಯಸ್ಸಾದವರು ಬಿದ್ದರೆ ಮನೆಯೇ ಬಿದ್ದಂತೆ. ಹೋದ ದೀಪಾವಳಿಯ ಎಣ್ಣೆನೀರಿನ ದಿನ ನಂದಗುಡಿಯ ನಮ್ಮ ಮನೆಯ ಬಚ್ಚಲಲ್ಲಿ ಅಜ್ಜಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರು ಕೋಲು ಹಿಡಿದು ಮತ್ತೆ ನಡೆಯತೊಡಗಿದ ಮೇಲೆ, ಬೆಂಗಳೂರಿನಿಂದ ಬಂದ ಚಿಕ್ಕಪ್ಪ ಲ್ಯಾವೆಂಡರ್ ಹೂವಿನ ತೈಲದ ಸೀಸೆಯೊಂದನ್ನು ಕೊಟ್ಟು, "ಇದರ ವಾಸನೆ ನೋಡಿದರೆ ವಯಸ್ಸಾದವರು ಬೀಳುವುದಿಲ್ಲವಂತೆ" ಎಂದರು. ಅಜ್ಜಿ ನನ್ನ ಕಡೆ ತಿರುಗಿ, "ಬಿ.ಎ. ಓದ್ತೀಯಲ್ಲಪ್ಪ, ಇದು ದಿಟವೇನೋ ನೋಡಿ ಹೇಳು" ಎಂದರು. ನೋಡಿ ತಿಳಿದುದನ್ನೇ ಇಲ್ಲಿ ಬರೆದಿದ್ದೇನೆ.

ಮನುಷ್ಯನು ನೆಟ್ಟಗೆ ನಿಲ್ಲುವುದು ಮೂರು ಸಾಕ್ಷಿಗಳ ಬಲದಿಂದ: ಕಣ್ಣಿನ ನೋಟ, ಒಳಗಿವಿಯ ಸಮತೋಲದ ಅಂಗ, ಪಾದ ಮತ್ತು ಕೀಲುಗಳ ಸ್ಪರ್ಶಜ್ಞಾನ. ಮಿದುಳು ಇವುಗಳನ್ನು ಕೂಡಿಸಿ ಸ್ನಾಯುಗಳಿಗೆ ಅಪ್ಪಣೆ ಕೊಡುತ್ತದೆ. ಮುಪ್ಪಿನಲ್ಲಿ ಮೂರೂ ಮಂಕಾಗುತ್ತವೆ, ಸ್ನಾಯುಗಳೂ ಸೊರಗುತ್ತವೆ. ಇದರ ಮೇಲೆ ಮನಸ್ಸಿನ ಕಳವಳ, ನಿದ್ರೆಯಿಲ್ಲದ ರಾತ್ರಿ, ನಿದ್ರೆಯ ಮಾತ್ರೆಯ ಮಂಪರು ಸೇರಿದರೆ ಅಡಿ ತಪ್ಪುವುದು ಸುಲಭ.

ಹಾಗಾದರೆ ಪರಿಮಳಕ್ಕೆ ಇಲ್ಲಿ ಏನು ಕೆಲಸ? ಮೂಗಿನ ನರಗಳು ಭಾವನೆ ಮತ್ತು ನೆನಪುಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳಿಗೆ ಬಹು ಹತ್ತಿರದ ದಾರಿಯಲ್ಲಿ ಸುದ್ದಿ ಮುಟ್ಟಿಸುತ್ತವೆ. ಆದುದರಿಂದ ಹಿತವಾದ ವಾಸನೆ ಮನಸ್ಸನ್ನು ತಣಿಸಬಲ್ಲುದು. ಲ್ಯಾವೆಂಡರಿನಲ್ಲಿರುವ ಲಿನಲೂಲ್ ಎಂಬ ವಸ್ತುವಿಗೆ ಶಮನಗೊಳಿಸುವ ಗುಣವುಂಟೆನ್ನುತ್ತಾರೆ. ನಮ್ಮ ಅಡುಗೆಮನೆಯ ಕೊತ್ತಂಬರಿ ಬೀಜದ ತೈಲದಲ್ಲಿಯೂ ಅದೇ ವಸ್ತು ಹೇರಳವಾಗಿದೆ.

ಇದನ್ನು ಜಪಾನಿನಲ್ಲಿ ಪರೀಕ್ಷಿಸಿ ನೋಡಿದ್ದಾರೆ. 2012ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ವೃದ್ಧಾಶ್ರಮಗಳ 145 ಮಂದಿಯನ್ನು ಎರಡು ಗುಂಪು ಮಾಡಿದರು. 73 ಮಂದಿಯ ಉಡುಪಿನ ಕೊರಳ ಬಳಿ ಲ್ಯಾವೆಂಡರ್ ಪರಿಮಳದ ಪಟ್ಟಿಯನ್ನೂ, ಉಳಿದ 72 ಮಂದಿಗೆ ವಾಸನೆಯಿಲ್ಲದ ಪಟ್ಟಿಯನ್ನೂ ಸುಮಾರು ಒಂದು ವರ್ಷ ಅಂಟಿಸಿದರು. ಮೊದಲ ಗುಂಪಿನಲ್ಲಿ ಬಿದ್ದವರು 26 ಮಂದಿ, ಎರಡನೆಯದರಲ್ಲಿ 36. ಪರಿಮಳ ಪಡೆದವರಲ್ಲಿ ಕಳವಳದ ನಡವಳಿಕೆಯೂ ತಗ್ಗಿತು.

ಇದು ಸಂತೋಷದ ಸಂಗತಿಯೇ ಸರಿ. ಆದರೆ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ಓದಬೇಕು. ಪರಿಮಳವಿದ್ದರೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಬಿದ್ದರು. ಪ್ರಯೋಗವೂ ಚಿಕ್ಕದು, ಸದಾ ನೋಡಿಕೊಳ್ಳುವವರಿರುವ ಆಶ್ರಮದಲ್ಲಿ ನಡೆದದ್ದು. ಅಲ್ಲಿ ಕಂಡ ಫಲ ನಮ್ಮ ಹಳ್ಳಿಯ ಮನೆಯಲ್ಲಿಯೂ ಹಾಗೆಯೇ ಕಂಡೀತೆಂದು ಹೇಳುವಂತಿಲ್ಲ. ಗಂಧ, ದವನ, ಮರುಗ ನಮಗೆ ಎಷ್ಟೇ ಪ್ರಿಯವಾಗಿದ್ದರೂ ಲ್ಯಾವೆಂಡರಿನ ಫಲವನ್ನು ಅವುಗಳ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇದಕ್ಕಿಂತ ಗಟ್ಟಿಯಾದ ಆಧಾರವಿರುವುದು ವ್ಯಾಯಾಮಕ್ಕೆ. 108 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಮಾಡಿದ ಪರಿಶೀಲನೆಯಂತೆ, ಸ್ವಂತ ಮನೆಗಳಲ್ಲಿ ಬಾಳುವ ವೃದ್ಧರ ಬೀಳುವಿಕೆ ವ್ಯಾಯಾಮದಿಂದ ಶೇಕಡಾ 23ರಷ್ಟು ತಗ್ಗುತ್ತದೆ. ಕುರ್ಚಿಯಿಂದ ಎದ್ದು ಕೂರುವುದು, ಆಸರೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು ಇಂಥ ಸರಳ ಅಭ್ಯಾಸಗಳೇ. ಮೂಳೆ ಮುರಿದವರು ಮಾತ್ರ ವೈದ್ಯರನ್ನು ಕೇಳಿಯೇ ತೊಡಗಬೇಕು.

ಇನ್ನು ನಮ್ಮ ಬಚ್ಚಲಿನ ಮಾತು. ಅಜ್ಜಿಯನ್ನು ಬೀಳಿಸಿದ್ದು ಹರಳೆಣ್ಣೆ ಬಿದ್ದ ಒದ್ದೆಗಲ್ಲು ಮತ್ತು ಮಬ್ಬುಗತ್ತಲೆ. ಅಲ್ಲಿಗೆ ಇನ್ನೊಂದು ತೈಲವನ್ನು ತಂದು ಚೆಲ್ಲಿದರೆ ಮದ್ದೇ ಮುಳುವಾದೀತು! ಆದುದರಿಂದ ನಾವು ಕಲ್ಲನ್ನು ಉಜ್ಜಿ ಜಿಡ್ಡು ತೆಗೆದೆವು. ಗೋಡೆಗೆ ಕಬ್ಬಿಣದ ಹಿಡಿಯನ್ನೂ ರಾತ್ರಿಯೆಲ್ಲ ಉರಿಯುವ ಸಣ್ಣ ದೀಪವನ್ನೂ ಹಾಕಿಸಿದೆವು. ಸೀಸೆಯನ್ನು ಎಸೆಯಲಿಲ್ಲ. ಮಲಗುವಾಗ ಎರಡು ತೊಟ್ಟನ್ನು ಬಟ್ಟೆಯ ತುಂಡಿಗೆ ಹಾಕಿ ದಿಂಬಿನ ಪಕ್ಕ ಇಡುತ್ತೇವೆ. ಕುಡಿಯಲೂ ಮೈಗೆ ಹಚ್ಚಲೂ ಕೊಡುವುದಿಲ್ಲ.

ಅಜ್ಜಿಗೆ ನಾನು ಕೊಟ್ಟ ಉತ್ತರವಿಷ್ಟೆ: "ಅಜ್ಜೀ, ಮಾತು ಸುಳ್ಳಲ್ಲ, ಪೂರ್ತಿ ದಿಟವೂ ಅಲ್ಲ. ವಾಸನೆ ಮನಸ್ಸಿಗಿರಲಿ, ಹಿಡಿ ಕೈಗಿರಲಿ."

ಓದುಗ ಮಿತ್ರರೇ, ರಜೆಗೆ ಊರಿಗೆ ಹೋದಾಗ ಮೊದಲು ನಿಮ್ಮ ಮನೆಯ ಬಚ್ಚಲನ್ನೊಮ್ಮೆ ನೋಡಿ. ನಮ್ಮನ್ನು ಕೈಹಿಡಿದು ನಡೆಸಿದವರಿಗೆ ನಾವು ಸಲ್ಲಿಸಬಹುದಾದ ಸೇವೆ ಅಲ್ಲಿಂದಲೇ ಆರಂಭವಾಗಲಿ.