ಗಾಯಗೊಂಡ ಜಿಂಕೆ ಮತ್ತು ಬೇಟೆಯ ಧರ್ಮ

ಬೆಂಗಳೂರು: ಜಯನಗರದಿಂದ ಬನ್ನೇರುಘಟ್ಟ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ 20 ಕಿ.ಮೀ.ಯೊಳಗೆ ಜಿಂಕೆಗಳ ಕಾಡು ಎದುರಾಗುತ್ತದೆ. ಆ ಸೀಮೆಯಲ್ಲಿ ಅಲೆದಾಡಿದ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ (1910–1974) ಅವರ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿದ್ದಾರೆ. ಹುಲಿ, ಚಿರತೆಗಳು ನರಭಕ್ಷಕಗಳಾಗಲು ಯಾರೋ ಹಾರಿಸಿದ ಅರೆಗುರಿಯ ಗುಂಡೂ ಕಾರಣವಾಗಬಹುದೆಂಬುದು ಆ ಕಥನಗಳು ಕಲಿಸುವ ಪಾಠ.

ಜಿಂಕೆ ಸೇಡು ತೀರಿಸಿಕೊಳ್ಳದು, ಮೌನವಾಗಿ ನರಳುತ್ತದೆ. ಆದುದರಿಂದಲೇ ಗಾಯಗೊಂಡ ಪ್ರಾಣಿಯನ್ನು ಕಾಡಿನಲ್ಲಿ ಬಿಟ್ಟುಬರುವುದನ್ನು ಮರ್ಯಾದಸ್ಥ ಬೇಟೆಗಾರರು ಅಪರಾಧವೆಂದೇ ಭಾವಿಸಿದ್ದರು. ಗುಂಡು ತಗುಲಿದೊಡನೆ ಬೆನ್ನಟ್ಟಿದರೆ ಜಿಂಕೆ ಭಯದಿಂದ ಮತ್ತಷ್ಟು ದೂರ ಓಡುತ್ತದೆ. ಆದ್ದರಿಂದ ಕೊಂಚ ಹೊತ್ತು ಕಾದು, ನಂತರ ಜಾಡು ಹಿಡಿಯಬೇಕು. ನೊರೆಗೂಡಿದ ತಿಳಿಗೆಂಪು ನೆತ್ತರು ಕಂಡರೆ ಪೆಟ್ಟು ಶ್ವಾಸಕೋಶಕ್ಕೆ ಬಿದ್ದಿದೆ ಎಂದರ್ಥ. ಕಪ್ಪಾದ ನೆತ್ತರಿನೊಡನೆ ಮೇವಿನ ಹಸಿರು ಬೆರೆತಿದ್ದರೆ ಅದು ಹೊಟ್ಟೆಯ ಗಾಯ. ಸಾವು ಗಂಟೆಗಟ್ಟಲೆ ತಡವಾಗಬಹುದು. ಜಾಡು ತಪ್ಪಿದಲ್ಲಿ ಕೊನೆಯ ಹನಿ ಕಂಡೆಡೆಗೆ ಮರಳಿ, ಮೊದಲಿನಿಂದ ಹುಡುಕಬೇಕು. ತನ್ನ ಗುರಿ ತಪ್ಪಿತೆಂದು ಒಪ್ಪಿಕೊಳ್ಳುವ ವಿನಯವಿಲ್ಲದವನಿಗೆ ಈ ತಾಳ್ಮೆ ಬಾರದು.

ಇಂದು ಆ ಧರ್ಮದ ಸ್ವರೂಪವೇ ಬದಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆಯನ್ನು ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದು, ಉರುಳೊಡ್ಡುವುದು, ಹಿಡಿಯುವುದೂ ಬೇಟೆಯೇ. ಸತ್ತು ಬಿದ್ದ ವನ್ಯಪ್ರಾಣಿಯೂ ಸರ್ಕಾರದ ಸ್ವತ್ತು; ಅದರ ಮಾಂಸ, ಕೊಂಬುಗಳ ಮೇಲೆ ಕಂಡವನಿಗೆ ಹಕ್ಕಿಲ್ಲ.

ಹಾಗಾದರೆ ವಾಹನ ಬಡಿದೋ, ನಾಯಿಗಳು ಕಚ್ಚಿಯೋ ಬಿದ್ದ ಜಿಂಕೆ ಕಣ್ಣೆದುರು ಇದ್ದರೆ ನಗರವಾಸಿ ಏನು ಮಾಡಬೇಕು? ಮೊದಲನೆಯದಾಗಿ, ಸುತ್ತುವರಿಯಬಾರದು. ಅಟ್ಟಿಸಿಕೊಂಡು ಹಿಡಿದ ಜಿಂಕೆಯ ಸ್ನಾಯುಗಳು ಅತಿಯಾದ ಶ್ರಮ ಮತ್ತು ಭೀತಿಯಿಂದಲೇ ಹಾನಿಗೊಂಡು, ಗಾಯ ಸಣ್ಣದಿದ್ದರೂ ಅದು ಸಾಯಬಹುದು. ನೀರು ಕುಡಿಸುವುದು, ಮೈದಡವುವುದು, ಫೋಟೊಗಾಗಿ ಹತ್ತಿರ ಸರಿಯುವುದು ಎಲ್ಲವೂ ಅದಕ್ಕೆ ಹಿಂಸೆಯೇ. ದೂರ ನಿಂತು, ನಾಯಿಗಳನ್ನೂ ಜನರನ್ನೂ ತಡೆದು, ಜಾಗದ ಗುರುತು ತಿಳಿಸಿ ಅರಣ್ಯ ಇಲಾಖೆಯನ್ನು ಕರೆಯಬೇಕು. ಅರಿವಳಿಕೆ ನೀಡುವುದು, ಸಾಗಿಸುವುದು ಪಶುವೈದ್ಯರ ಕೆಲಸ.

ಅಂದು ಬೇಟೆಗಾರ ಕೊನೆಯವರೆಗೂ ಹಿಂಬಾಲಿಸುವುದು ಧರ್ಮವಾಗಿತ್ತು. ಇಂದು ನಾವು ಹಿಂದೆ ಸರಿಯುವುದೇ ಧರ್ಮ. ನೊಂದ ಜೀವವನ್ನು ನಡುದಾರಿಯಲ್ಲಿ ಕೈಬಿಡಬಾರದೆಂಬ ಋಣ ಮಾತ್ರ ಬದಲಾಗಿಲ್ಲ.