ಹೊಸ ಸೇತುವೆ ಬಂದರೂ ಬಿಡುವು ಸಿಗದ ಹಳೆಯದು

2024ರ ಆಗಸ್ಟ್ 7ರ ರಾತ್ರಿ ಸುಮಾರು ಒಂದು ಗಂಟೆಗೆ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಗೋವಾ ಕಡೆಯಿಂದ ಬರುತ್ತಿದ್ದ ಲಾರಿಯೊಂದು ನೀರಿಗೆ ಬಿತ್ತು. ಕ್ಯಾಬಿನ್ ಮೇಲೆ ಹತ್ತಿ ಕುಳಿತಿದ್ದ ಚಾಲಕನನ್ನು ಪೊಲೀಸರು, ಮೀನುಗಾರರು ಸೇರಿ ಬದುಕಿಸಿದರು. 1983ರಲ್ಲಿ ಸಂಚಾರಕ್ಕೆ ತೆರೆದಿದ್ದ ಸೇತುವೆಗೆ ಆಗ 41 ವರ್ಷ. ಈಗ ಹೆದ್ದಾರಿ ಸೇತುವೆಗಳನ್ನು 100 ವರ್ಷ ಬಾಳಬೇಕೆಂಬ ಲೆಕ್ಕದಲ್ಲಿ ವಿನ್ಯಾಸ ಮಾಡುತ್ತಾರೆ. ಶ್ರೀರಂಗಪಟ್ಟಣದಲ್ಲಿ 1804ರ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಕಾವೇರಿಯ ಎಷ್ಟೋ ಪ್ರವಾಹ ಕಂಡು ಇನ್ನೂ ನಿಂತಿವೆ.

ಕಾಳಿಗೆ ಹೊಸ ಸೇತುವೆ ಇರಲಿಲ್ಲವೇ? ಇತ್ತು, ಪಕ್ಕದಲ್ಲೇ ಇತ್ತು. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದಾಗ ಕಟ್ಟಿದ್ದು. ಆದರೆ ಅದು ಬಂದದ್ದು ಹಳೆಯದಕ್ಕೆ ಬದಲಾಗಿ ಅಲ್ಲ, ಜೊತೆಯಾಗಿ. ಒಂದು ದಿಕ್ಕಿನ ವಾಹನಗಳಿಗೆ ಹೊಸದು, ಎದುರು ದಿಕ್ಕಿನವಕ್ಕೆ ಹಳೆಯದು. ಇದರಿಂದ ಒಂದು ಸೇತುವೆಯ ಖರ್ಚು ಉಳಿಯುತ್ತದೆ, ನಿಜ. ಆದರೆ ಅದೇ ಹೆದ್ದಾರಿಯಲ್ಲಿ, ಮಹಾರಾಷ್ಟ್ರದ ಮಹಾಡ್ ಬಳಿ, 2016ರ ಆಗಸ್ಟ್ 2ರ ರಾತ್ರಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಮಾನು ಸೇತುವೆ ಕೊಚ್ಚಿಹೋದಾಗಲೂ ಪಕ್ಕದಲ್ಲಿ ಹೊಸ ಸೇತುವೆ ಇತ್ತು. ಎರಡು ಸರ್ಕಾರಿ ಬಸ್ಸುಗಳು ಹಳೆಯದರ ಮೇಲಿದ್ದವು. ಆಮೇಲೆ ಅಲ್ಲಿ ಇನ್ನೊಂದು ಸೇತುವೆಯನ್ನು 165 ದಿನಗಳಲ್ಲಿ ಕಟ್ಟಿ, 2017ರ ಜೂನ್‌ನಲ್ಲಿ ತೆರೆದರು. ಮನಸ್ಸು ಮಾಡಿದರೆ ಕೆಲಸ ಎಷ್ಟು ಬೇಗ ಆಗುತ್ತದೆ ನೋಡಿ.

ಕಾಂಕ್ರೀಟಿಗೆ ವಯಸ್ಸಾಗುವುದು ಒಳಗಿನಿಂದ. ಬಿರುಕಿನಲ್ಲಿ ನೀರು ಇಳಿದರೆ ಸರಳುಗಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಹೊರಗಿನ ಕಾಂಕ್ರೀಟನ್ನು ಒಡೆದು ಉದುರಿಸುತ್ತದೆ. ಕರಾವಳಿಯಲ್ಲಾದರೆ ಉಪ್ಪುಗಾಳಿ ಈ ಕೆಲಸವನ್ನು ಚುರುಕುಗೊಳಿಸುತ್ತದೆ. ಗರ್ಡರ್ ಮತ್ತು ಕಂಬದ ನಡುವಿನ ಬೇರಿಂಗ್ ಜಡ್ಡುಗಟ್ಟಿದರೆ, ಬಿಸಿಲಿಗೆ ಹಿಗ್ಗುವ ಸೇತುವೆ ಸರಿದಾಡಲು ಜಾಗವಿಲ್ಲದೆ ಕಂಬವನ್ನೇ ತಳ್ಳುತ್ತದೆ. ಇದರ ಜೊತೆಗೆ ಭಾರ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳ ತೂಕದ ಮಿತಿ ಏರಿಸಿತು. ಹತ್ತು ಚಕ್ರದ ಲಾರಿಗೆ 25 ಟನ್ ಇದ್ದದ್ದು 28.5 ಟನ್ ಆಯಿತು. ಕಾನೂನು ಒಂದು ದಿನದಲ್ಲಿ ಬದಲಾಯಿತು, ಕೆಳಗಿನ ಸೇತುವೆಗಳು ಹಳೆಯವೇ ಉಳಿದವು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರಿಗೆ ಇದೆಲ್ಲ ದೂರದ ಕರಾವಳಿಯ ಮಾತು ಅನ್ನಿಸಬಹುದು. ಆದರೆ ಶಿರಾ, ಮಧುಗಿರಿಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 69 ಹೊನ್ನಾವರದಲ್ಲಿ ಕಾಳಿಯ ಅದೇ ಹೆದ್ದಾರಿಗೆ ಸೇರುತ್ತದೆ. ಹಾಗಿದ್ದರೂ ಈ ಸೀಮೆಯ ಹೊಳೆಗಳ ಸ್ವಭಾವವೇ ಬೇರೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ದಾಟಿ ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಆ ಪಿನಾಕಿನಿ ಮತ್ತೆ ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ. ವರ್ಷದ ಬಹುಪಾಲು ಎರಡರಲ್ಲೂ ಮರಳೇ ಹೆಚ್ಚು. 2022ರಂಥ ಮಳೆ ಬಂದಾಗ ಮಾತ್ರ ಹೊಳೆ ದಂಡೆ ಮೀರುತ್ತದೆ, ಊರೂರ ನಡುವೆ ಓಡಾಟ ನಿಲ್ಲುತ್ತದೆ.

ಇಂಥ ಹೊಳೆಗಳಲ್ಲಿ ಸೇತುವೆಗೆ ಅಪಾಯ ಬರುವುದು ಮೇಲಿನಿಂದಲ್ಲ, ಬುಡದಿಂದ. ನೀರು ಕಂಬಕ್ಕೆ ಬಡಿದು ಸುತ್ತಿ, ಬುನಾದಿಯ ಪಕ್ಕದ ಮರಳನ್ನು ಕೊರೆದು ಒಯ್ಯುತ್ತದೆ. ಮೊದಲೇ ಟ್ರ್ಯಾಕ್ಟರ್, ಟಿಪ್ಪರ್‌ಗಳು ಮರಳು ಬಾಚಿಕೊಂಡು ಹೋಗಿದ್ದರೆ ಪಾತಳಿ ತಗ್ಗಾಗಿ, ಮುಚ್ಚಿರಬೇಕಾದ ಬುನಾದಿ ಬಯಲಿಗೆ ಬಿದ್ದಿರುತ್ತದೆ. ಪ್ರವಾಹ ಬಂದ ದಿನ ಸೇತುವೆ ಬಿದ್ದರೆ ಎಲ್ಲರೂ ಮಳೆಯನ್ನು ದೂರುತ್ತಾರೆ. ಮರಳು ಹೋದ ಹಿಂದಿನ ಹತ್ತು ಬೇಸಿಗೆಗಳ ಲೆಕ್ಕ ಯಾರೂ ಕೇಳುವುದಿಲ್ಲ.

ಒಂದು ಅನುಕೂಲವೂ ಇದೆ. ಕಾಳಿಯಲ್ಲಿ ಬುನಾದಿ ನೋಡಬೇಕಾದರೆ ಮುಳುಗುಗಾರರು ಬೇಕು. ಜಯಮಂಗಲಿಯಲ್ಲಿ ಮಾರ್ಚ್ ತಿಂಗಳಲ್ಲಿ ಎಂಜಿನಿಯರ್ ಚಪ್ಪಲಿ ಕಾಲಿನಲ್ಲೇ ಕಂಬದ ಬುಡಕ್ಕೆ ನಡೆದು ಹೋಗಬಹುದು. ಹೊಸದು ಕಟ್ಟುವುದಾದರೂ ಬೇಸಿಗೆಯಲ್ಲಿ ಪಾತ್ರದೊಳಗೇ ಪೈಪು ಹಾಕಿ ತಾತ್ಕಾಲಿಕ ರಸ್ತೆ ಮಾಡಿ, ಮಳೆಗೆ ಮುಂಚೆ ಕಂಬ ಎಬ್ಬಿಸಲು ಸಾಧ್ಯ. ಆದರೆ ನೋಡಬೇಕಾದವರು ಯಾರು? ದೇಶದ ರಾಷ್ಟ್ರೀಯ ಹೆದ್ದಾರಿ ಸೇತುವೆಗಳ ಸ್ಥಿತಿಗತಿ ದಾಖಲಿಸುವ ವ್ಯವಸ್ಥೆಯೊಂದನ್ನು ಕೇಂದ್ರ 2016ರಲ್ಲಿ ಆರಂಭಿಸಿತು. ಆದರೆ ಕೊರಟಗೆರೆ, ಮಧುಗಿರಿ ಹಾದು ಪಾವಗಡ ಮುಟ್ಟುವ ದಾರಿ ರಾಜ್ಯ ಹೆದ್ದಾರಿ, ಊರೊಳಗಿನ ದಾರಿಗಳು ಪಂಚಾಯತಿಯವು. ಒಂದೇ ಹೊಳೆಯ ಮೇಲಿನ ಸೇತುವೆಗಳಿಗೆ ಹೀಗೆ ಬೇರೆ ಬೇರೆ ಯಜಮಾನರು. ತಡೆಗೋಡೆಯ ಸಾಲು ಒಂದು ಕಡೆ ಬಾಗಿದೆ, ಜೋಡಣೆಯ ಸಂದು ಅಗಲವಾಗಿದೆ, ಅಡಿಯಲ್ಲಿ ಸರಳು ಕಾಣುತ್ತಿದೆ ಎಂದು ಊರವರಿಗೆ ಮೊದಲು ಗೊತ್ತಾಗುತ್ತದೆ. ಅದನ್ನು ಯಾವ ಕಚೇರಿಗೆ ಹೇಳಬೇಕೆಂಬ ಫೋನ್ ನಂಬರನ್ನು ಪ್ರತಿ ಸೇತುವೆಯ ತಲೆಯಲ್ಲಿ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.