ಜಿಗಿಯುವ ಮಾತಿನ ಬೆನ್ನು ಹತ್ತಿ

ಅಮೆರಿಕದಲ್ಲಿ ಪೊಲೀಸರ, ಅಗ್ನಿಶಾಮಕ ದಳದವರ ವೈರ್‌ಲೆಸ್ ಮಾತುಕತೆ ಕೇಳುವುದು ಹಳೆಯ ಹವ್ಯಾಸ. ಮೊದಲು ಇಲಾಖೆಗೊಂದು ಫ್ರೀಕ್ವೆನ್ಸಿ ಇರುತ್ತಿತ್ತು. ಇಂಥ ಮಾತು ಹಿಡಿಯುವ ರೇಡಿಯೊಗೆ, ಅಂದರೆ ಸ್ಕ್ಯಾನರಿಗೆ, ಅದನ್ನು ತುಂಬಿದರೆ ಮುಗಿಯಿತು. ಟ್ರಂಕಿಂಗ್ ಬಂದು ಆ ಲೆಕ್ಕ ಕೆಟ್ಟಿತು. ಅಲ್ಲಿ ಯಾರಿಗೂ ಸ್ವಂತ ಚಾನೆಲ್ ಇಲ್ಲ. ಬ್ಯಾಂಕಿನ ಟೋಕನ್ ಪದ್ಧತಿಯಂತೆ, ಯಾವ ಕೌಂಟರ್ ಖಾಲಿಯೋ ಅಲ್ಲಿಗೆ ಕರೆ ಬರುತ್ತದೆ.

ಟೋಕನ್ ತೋರಿಸುವ ಬೋರ್ಡಿನ ಕೆಲಸ ಕಂಟ್ರೋಲ್ ಚಾನೆಲ್‌ನದು. ಕಿವಿಗೆ ಅದು ಬಿಡುವಿಲ್ಲದ ಗರಗರ ಸದ್ದು ಅಷ್ಟೆ. ಒಳಗೆ ಮಾತ್ರ ಹಳೆಯ ಮೋಟೊರೋಲಾ ವ್ಯವಸ್ಥೆಯಲ್ಲಿ ಸೆಕೆಂಡಿಗೆ 3600 ಬಿಟ್, ಈಗಿನ ಪ್ರಾಜೆಕ್ಟ್ 25ರಲ್ಲಿ 9600 ಬಿಟ್ ಮಾಹಿತಿ ಹರಿಯುತ್ತಿರುತ್ತದೆ. ಬೆಂಕಿ ಆರಿಸಲು ಹೊರಟವನೊಬ್ಬ ಮಾತಾಡಲು ಗುಂಡಿ ಒತ್ತಿದ ಎನ್ನಿ. ಅವನ ರೇಡಿಯೊ ಮೊದಲು ಚಾನೆಲ್ ಕೇಳುತ್ತದೆ. ಇಂಥ ಟಾಕ್‌ಗ್ರೂಪಿಗೆ (ಒಟ್ಟಿಗೆ ಮಾತಾಡುವ ರೇಡಿಯೊಗಳ ಗುಂಪಿಗೆ) ಇಂಥ ಚಾನೆಲ್ ಎಂದು ಕಂಟ್ರೋಲ್ ಚಾನೆಲ್ ಸಾರುತ್ತದೆ. ಆ ಗುಂಪಿನ ರೇಡಿಯೊಗಳೆಲ್ಲ ಅತ್ತ ಜಿಗಿಯುತ್ತವೆ. ಉತ್ತರ ಬೇರೊಂದು ಚಾನೆಲ್‌ನಲ್ಲಿ ಬಂದರೂ ಬರಬಹುದು. ಇದು ತಿಳಿಯದ ಸ್ಕ್ಯಾನರಿಗೆ ಬೆಂಕಿಯ ಸುದ್ದಿ ಅರ್ಧ, ಕಸದ ಲಾರಿಯವರ ಹರಟೆ ಅರ್ಧ.

ಆದ್ದರಿಂದ ಟ್ರಂಕಿಂಗ್ ಸ್ಕ್ಯಾನರಿಗೆ ತುಂಬಬೇಕಾದ್ದು ಮುಖ್ಯವಾಗಿ ವ್ಯವಸ್ಥೆಯ ಬಗೆ, ಕಂಟ್ರೋಲ್ ಚಾನೆಲ್‌ನ ಫ್ರೀಕ್ವೆನ್ಸಿ, ಬೇಕಾದ ಟಾಕ್‌ಗ್ರೂಪ್ ನಂಬರುಗಳು. ಪ್ರಾಜೆಕ್ಟ್ 25ರಲ್ಲಿ ಯಾವ ಚಾನೆಲ್ ನಂಬರಿಗೆ ಯಾವ ಫ್ರೀಕ್ವೆನ್ಸಿ ಎಂಬುದನ್ನೂ ಕಂಟ್ರೋಲ್ ಚಾನೆಲ್ಲೇ ಹೇಳಿಬಿಡುತ್ತದೆ. ಇಡ್ಯಾಕ್ಸ್ ಎಂಬ ಹಳೆಯ ಬಗೆ ಅಷ್ಟು ಉದಾರಿಯಲ್ಲ: ಎಲ್ಲ ಫ್ರೀಕ್ವೆನ್ಸಿಗಳನ್ನೂ ಸರಿಯಾದ ಕ್ರಮದಲ್ಲೇ ಕೊಡಬೇಕು. ಒಂದು ಅದಲುಬದಲಾದರೂ ಸ್ಕ್ಯಾನರ್ ಯಾರದೋ ಮಾತಿಗೆ ಕಿವಿಗೊಡುತ್ತದೆ. ಕಂಟ್ರೋಲ್ ಚಾನೆಲ್ ಆಗಾಗ ಬದಲಾಗುವುದೂ ಉಂಟು. ಬದಲಿಗಳನ್ನೂ ಸೇರಿಸಿಡುವುದು ಒಳ್ಳೆಯದು.

ನನಗೆ ಕೇಳಿದರೆ, ಮಜಾ ಇರುವುದು ನಂಬರು ತುಂಬದೆ ಹುಡುಕಾಟಕ್ಕೆ ಬಿಡುವುದರಲ್ಲಿ. ಪರದೆ ಮೇಲೆ ಅಪರಿಚಿತ ಟಾಕ್‌ಗ್ರೂಪ್‌ಗಳು ಮೂಡುತ್ತವೆ. ರಸ್ತೆಯ ಹಿಮ ಬಳಿಯುವವರೋ, ಶಾಲಾ ಬಸ್ಸಿನವರೋ ಎಂದು ಮಾತಿನ ಜಾಡು ಹಿಡಿದೇ ಗುರುತಿಸಬೇಕು.

ಇಷ್ಟಾದರೂ ಎರಡು ತೊಡಕುಗಳಿವೆ. ಹಲವು ಗೋಪುರಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಪ್ರಸಾರ ಮಾಡುವ ಕಡೆ, ತುಸು ಹಿಂದುಮುಂದಾಗಿ ಬಂದ ಅಲೆಗಳು ಒಂದನ್ನೊಂದು ಕೆಡಿಸಿ ಮಾತು ತುಂಡಾಗುತ್ತದೆ. ಸಿಗ್ನಲ್ ಕಡ್ಡಿಗಳು ಮಾತ್ರ ಭರ್ತಿ! ಆಂಟೆನಾ ದೊಡ್ಡದು ಮಾಡಿದರೆ ಕೆಲವೊಮ್ಮೆ ಇನ್ನೂ ಕೆಡುತ್ತದೆ. ಎರಡನೆಯದು ಎನ್‌ಕ್ರಿಪ್ಶನ್. ಅದಿದ್ದ ಟಾಕ್‌ಗ್ರೂಪಿನ ನಂಬರು ಪರದೆಗೆ ಬರುತ್ತದೆ, ಸ್ಕ್ಯಾನರ್ ಚಾನೆಲ್ಲಿಗೂ ಹೋಗಿ ನಿಲ್ಲುತ್ತದೆ, ಮಾತು ಮಾತ್ರ ಬಿಚ್ಚುವುದಿಲ್ಲ. ಅದಕ್ಕೆ ಯಾವ ಪ್ರೋಗ್ರಾಮಿಂಗೂ ನಡೆಯದು.